ಕಾಯಿ ಒಡೆದರೆ ಸಾಕೇ?

ಕೊಂಡಾಪುರದಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಮಾತು ಕ್ರಿಕೆಟ್ಟಿಗೋ ಮನೆ ಬಾಡಿಗೆಗೋ ಹೋಗುವುದು ರೂಢಿ. ಈ ಸಲ ಕೋವಿಯ ಕಡೆ ತಿರುಗಿತು. ವಿರಾಜಪೇಟೆ ಕಡೆಯ ಗೆಳೆಯರೊಬ್ಬರ ಮಗಳು ಇಲ್ಲಿ ರೈಫಲ್ ಶೂಟಿಂಗ್ ಕಲಿಯುತ್ತಿದ್ದಾಳೆ. ತಿಂಗಳುಗಳಿಂದ ಮೊಣಕೈ, ಮಂಡಿ, ಪಾದ ಎಂದು ಬರೀ ಭಂಗಿ ತಿದ್ದುವುದೇ ಆಗಿದೆಯಂತೆ. "ನಮ್ಮೂರಲ್ಲಿ ಕಾಯಿ ಒಡೆದರೆ ಆಯ್ತು ಮಾರಾಯ್ರೆ, ಮಂಡಿ ಯಾರು ನೋಡ್ತಾರೆ? ಬಿಡಿಸಿಬಿಡೋಣ ಅಂತಿದ್ದೇನೆ" ಎಂದರು.

ಅವರ ಮಾತು ತೆಗೆದುಹಾಕುವಂಥದ್ದಲ್ಲ. ಸೆಪ್ಟೆಂಬರಿನ ಕೈಲ್ ಮುಹೂರ್ತದಲ್ಲಿ ಕೊಡಗಿನವರು ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಲ್ಲಿ ತೀರ್ಪುಗಾರ ಎಂದರೆ ಕಾಯಿಯೇ.

ಅಮೆರಿಕದ ಪ್ರಿಸಿಷನ್ ರೈಫಲ್ ಪಂದ್ಯಗಳೂ ಹೆಚ್ಚುಕಡಿಮೆ ಈ ಜಾತಿಯವು. ಮರದ ತಡೆ, ಇಳಿಜಾರು ಸೂರು, ಕಬ್ಬಿಣದ ಅಡ್ಡಪಟ್ಟಿ ಹೀಗೆ ಏನಾದರೊಂದು ಆಸರೆ ಕೊಡುತ್ತಾರೆ. ಒಂದೂವರೆ ಎರಡು ನಿಮಿಷದೊಳಗೆ ಅದರ ಮೇಲೆ ರೈಫಲ್ ಊರಿ ದೂರದ ಉಕ್ಕಿನ ಫಲಕಗಳಿಗೆ ಹೊಡೆಯಬೇಕು. ಕೊಟ್ಟ ಆಸರೆ ಬಳಸಿದ್ದಾನೆಯೇ, ಸುರಕ್ಷತೆ ಮುರಿದಿಲ್ಲವೇ, ಗುಂಡು ತಗುಲಿತೇ, ಇಷ್ಟು ನೋಡುತ್ತಾರೆ. ಮೈ ಹೇಗೆ ಮಡಿಚಿದ ಎನ್ನುವುದು ಅವನಿಗೆ ಬಿಟ್ಟದ್ದು.

ಒಲಿಂಪಿಕ್ ಶೂಟಿಂಗಿನಲ್ಲಿ ಹಾಗಿಲ್ಲ. 50 ಮೀಟರ್ ತ್ರಿಭಂಗಿ ಸ್ಪರ್ಧೆಯಲ್ಲಿ ಮಂಡಿಯೂರಿ, ಮಲಗಿ, ನಿಂತು ಹೊಡೆಯಬೇಕು. ಮಲಗಿದಾಗ ರೈಫಲ್ ಹೊತ್ತ ಮುಂಗೈ ನೆಲದಿಂದ 30 ಡಿಗ್ರಿಗಿಂತ ಕೆಳಗಿಳಿಯಬಾರದು. ಮಂಡಿಯೂರಿದಾಗ ಮೊಣಕೈ ತುದಿ ಮಂಡಿಯ ತುದಿಯಿಂದ 100 ಮಿಲಿಮೀಟರಿಗಿಂತ ಮುಂದಕ್ಕೋ 150ಕ್ಕಿಂತ ಹಿಂದಕ್ಕೋ ಹೋಗಬಾರದು. ನಿಂತಾಗ ತೋಳಿಗೆ ಪಟ್ಟಿ ಸುತ್ತುವಂತಿಲ್ಲ. ಮೊಣಕೈಯನ್ನು ಸೊಂಟಕ್ಕೆ ಊರಬಹುದು. ಇದು ಅಧಿಕಾರಿಗಳ ಕಿರಿಕಿರಿ ಅಂತ ನನಗನ್ನಿಸುವುದಿಲ್ಲ. ಈ ಅಳತೆಗಳಿಲ್ಲದಿದ್ದರೆ ಮಂಡಿಯೂರಿದವನು ಅರ್ಧ ಮಲಗಿಯೇ ಬಿಡುತ್ತಾನೆ, ಮೂರು ಪರೀಕ್ಷೆ ಒಂದಾಗುತ್ತದೆ.

ಆದರೆ ನಿಯಮಕ್ಕೆ ಸರಿಯಾದ ಭಂಗಿಯೆಲ್ಲ ಒಳ್ಳೆಯ ಭಂಗಿಯಲ್ಲ, ಅಪ್ಪಂದಿರು ತಿಳಿಯಬೇಕಾದದ್ದು ಇದು. ರೈಫಲ್ಲಿನ ಭಾರ ಎಲುಬಿನ ಮೇಲೆ ಕೂರಬೇಕು, ಸ್ನಾಯುವಿನ ಮೇಲಲ್ಲ. ಸ್ನಾಯು ಐದನೇ ಗುಂಡಿಗೆ ದಣಿಯುತ್ತದೆ, ಎಲುಬು ದಣಿಯುವುದಿಲ್ಲ. ನೋಡುವ ಉಪಾಯ ಸುಲಭ: ಗುಂಡು ತುಂಬದ ರೈಫಲ್ ಹಿಡಿದು ಗುರಿ ಇಟ್ಟು, ಕಣ್ಣು ಮುಚ್ಚಿ ಎರಡು ಉಸಿರು ಬಿಟ್ಟು ಕಣ್ಣು ತೆರೆಯಬೇಕು. ಗುರಿ ಪಕ್ಕಕ್ಕೆ ಸರಿದಿದ್ದರೆ ಅಷ್ಟು ಹೊತ್ತು ಅದನ್ನು ಹಿಡಿದಿಟ್ಟದ್ದು ತೋಳಿನ ಬಲ. ಆಗ ತೋಳಿನಿಂದ ರೈಫಲ್ ಎಳೆಯುವುದಲ್ಲ, ಪಾದ ತಿರುಗಿಸಿ ಇಡೀ ಮೈಯನ್ನೇ ಸರಿಸಬೇಕು. ಆ ತರಬೇತುದಾರರು ಪಾದದ ಹಿಂದೆ ಬಿದ್ದಿರುವುದು ಇದಕ್ಕೇ. ಗುಂಡು ಹಾರಿದ ಮೇಲೂ ಗಮನಿಸಬೇಕು. ಒದೆತ ತಿಂದ ನಳಿಕೆ ಮತ್ತೆ ಅದೇ ಗುರಿಗೆ ಬಂದು ನಿಂತರೆ ಭಂಗಿ ಗಟ್ಟಿ. ಹತ್ತು ಬಿದ್ದರೂ ನಳಿಕೆ ಬೇರೆಡೆ ಹೋಗಿ ನಿಂತರೆ ಆ ಹತ್ತನ್ನು ನಾನಂತೂ ನಂಬುವುದಿಲ್ಲ.

ಪ್ಯಾರಿಸ್‌ನಲ್ಲಿ 2024ರ ಆಗಸ್ಟ್ 1ರಂದು ನಡೆದ ತ್ರಿಭಂಗಿ ಫೈನಲ್ಲಿನ ಅಂಕಪಟ್ಟಿ ಆ ಗೆಳೆಯರಿಗೆ ಕಳಿಸಿದ್ದೇನೆ. ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಮಂಡಿಯೂರಿ ಹೊಡೆದು ಮುಗಿಸಿದಾಗ 6ನೇ ಸ್ಥಾನದಲ್ಲಿದ್ದರು, ಮಲಗಿ ಮುಗಿಸಿದಾಗ 5ನೆಯದರಲ್ಲಿ. ಪಟ್ಟಿಯ ಆಸರೆಯೂ ಇಲ್ಲದ, ಮೂರರಲ್ಲಿ ಅತಿ ಕಷ್ಟದ ನಿಂತ ಭಂಗಿಯಲ್ಲಿ ಮೇಲೇರಿ 451.4 ಅಂಕದೊಂದಿಗೆ ಕಂಚು ಗೆದ್ದರು.