ರೇಸ್ ಕಾರು ಹೂಡಿಕೆಯಲ್ಲ, ಅದು ಕಂಬಳದ ಕೋಣ!

ಮೀನಾ ಅಬ್ದುಲ್ಲಾ ಎಂದ ತಕ್ಷಣ ಕುವೈತ್ ಕನ್ನಡಿಗರಿಗೆ ನೆನಪಾಗುವುದು ರಿಫೈನರಿ. ನಮ್ಮವರು ಎಷ್ಟೋ ಜನ ಅಲ್ಲಿ ಮತ್ತು ಅದರ ಸುತ್ತಲಿನ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಅರಿಫ್ಜಾನ್ ಕಡೆಯ ಮರಳುಗಾಡಿನಲ್ಲಿ ಈಗ ಇನ್ನೊಂದು ಆಕರ್ಷಣೆ ಇದೆ, ಕುವೈತ್ ಮೋಟರ್ ಟೌನ್. ಜರ್ಮನಿಯ ಹರ್ಮನ್ ಟಿಲ್ಕೆ ಅವರ ಸಂಸ್ಥೆ ವಿನ್ಯಾಸ ಮಾಡಿದ, ಸುತ್ತು ಸುಮಾರು 5.6 ಕಿ.ಮೀ. ಉದ್ದದ ರೇಸ್ ಟ್ರ್ಯಾಕ್ ಅದು. 2023ರ ಜನವರಿಯಲ್ಲಿ ಫಾರ್ಮುಲಾ ರೀಜನಲ್ ಮಿಡ್ಲ್ ಈಸ್ಟ್ ಚಾಂಪಿಯನ್‌ಶಿಪ್‌ನ ರೇಸುಗಳು ಅಲ್ಲಿ ನಡೆದಿದ್ದವು.

ವಾರವಿಡೀ ಕಚೇರಿ, ಶುಕ್ರವಾರ ಶನಿವಾರ ಹೆಲ್ಮೆಟ್ ಹಾಕಿಕೊಂಡು ಟ್ರ್ಯಾಕಿಗೆ ಇಳಿಯುವ ಹವ್ಯಾಸಿ ಚಾಲಕರ ಬದುಕು ಆಕರ್ಷಕ. ನಮ್ಮವರಲ್ಲೂ ಕೆಲವರಿಗೆ ಈ ಆಸೆ ಇದೆ. 'ಸರ್, ಟರ್ಬೊ ಇರುವ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ಟ್ರ್ಯಾಕಿಗೆ ರೆಡಿ ಮಾಡಿಸೋಣ ಅಂತಿದೀನಿ. ಒಳ್ಳೆ ಕಾರಿಗೆ ಬೆಲೆ ಏರುತ್ತೆ ಅಲ್ವಾ, ಒಂಥರಾ ಇನ್ವೆಸ್ಟ್‌ಮೆಂಟ್ ತಾನೆ?' ಎನ್ನುವ ಪ್ರಶ್ನೆ ಬರುತ್ತದೆ. ನನ್ನ ಉತ್ತರ ನೇರ: ಕಾರು ಓಡಿಸಿ, ಖುಷಿಪಡಿ. ಆದರೆ ಅದನ್ನು ಹೂಡಿಕೆ ಎಂದು ಕರೆಯಬೇಡಿ. ಹಾಗೆ ಕರೆದ ದಿನದಿಂದ ಲೆಕ್ಕ ತಪ್ಪುತ್ತದೆ.

ಕರಾವಳಿಯ ಓದುಗರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಕಂಬಳದ ಕೋಣ ಸಾಕುವವರನ್ನು ನೋಡಿ. ಹುರುಳಿ, ಎಣ್ಣೆ, ನೋಡಿಕೊಳ್ಳುವ ಆಳು, ಓಡಿಸುವವನಿಗೆ ಸಂಭಾವನೆ, ಕರೆಯಿಂದ ಕರೆಗೆ ಲಾರಿ ಬಾಡಿಗೆ, ಎಲ್ಲಾ ಸೇರಿ ವರ್ಷಕ್ಕೆ ಲಕ್ಷಗಟ್ಟಲೆ ಖರ್ಚು. ಗೆದ್ದರೆ ಸಿಗುವುದು ಬಂಗಾರದ ಪವನ್. ಗದ್ದೆಯ ಕೆಲಸಕ್ಕೆ ಆ ಕೋಣ ಬರುವುದಿಲ್ಲ. ಆದರೂ ಯಾವ ಯಜಮಾನರೂ 'ಇದರಿಂದ ಲಾಭ ಬರುತ್ತೆ' ಎಂದು ಮನೆಯವರಿಗೆ ಸುಳ್ಳು ಹೇಳುವುದಿಲ್ಲ. ಅದು ಗೌರವ, ಅದು ಪ್ರೀತಿ, ಅದಕ್ಕೆ ಇಷ್ಟು ಖರ್ಚು ಎಂದು ಒಪ್ಪಿಕೊಂಡೇ ಸಾಕುತ್ತಾರೆ. ಎಂಬಿಎ ಓದಿದ ನಮಗೆ ಆ ಪ್ರಾಮಾಣಿಕತೆ ಕಷ್ಟವಾಗುವುದೇಕೆ?

ಈಗ ಖರ್ಚಿಗೆ ಬರೋಣ. ಕುವೈತಿನಲ್ಲಿ ಪೆಟ್ರೋಲ್ ಅಗ್ಗ, ಹಾಗಾಗಿ ಟ್ರ್ಯಾಕ್ ಕೂಡ ಅಗ್ಗ ಎನ್ನುವ ಭಾವನೆ ಇದೆ. ಇಲ್ಲಿ 95 ಆಕ್ಟೇನ್ ಪೆಟ್ರೋಲ್ ಲೀಟರಿಗೆ 105 ಫಿಲ್ಸ್. ಒಂದು ದಿನ 20 ಸುತ್ತು ಹಾಕಿದಿರಿ ಎಂದುಕೊಳ್ಳಿ, 112 ಕಿ.ಮೀ. ಆಯಿತು. ಟ್ರ್ಯಾಕಿನಲ್ಲಿ ಟರ್ಬೊ ಕಾರು ಎರಡು ಕಿಲೋಮೀಟರಿಗೆ ಒಂದು ಲೀಟರ್ ಕುಡಿದರೂ 56 ಲೀಟರ್. ಅಂದರೆ ಆರು ದಿನಾರಿಗೂ ಕಡಿಮೆ! ಮನೆಮಂದಿ ಹೋಟೆಲಿನಲ್ಲಿ ಊಟ ಮಾಡಿದರೆ ಇದಕ್ಕಿಂತ ಹೆಚ್ಚಾಗುತ್ತದೆ.

ಆದರೆ ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇಲ್ಲಿ ಅಕ್ಷರಶಃ ನಿಜ. ರಸ್ತೆಯಲ್ಲಿ ವರ್ಷಗಟ್ಟಲೆ ಬರುವ ಟೈರು ಟ್ರ್ಯಾಕಿನಲ್ಲಿ ಕೆಲವೇ ವಾರಾಂತ್ಯಕ್ಕೆ ಮುಗಿಯುತ್ತದೆ. ಬ್ರೇಕ್ ಪ್ಯಾಡ್, ಬ್ರೇಕ್ ದ್ರವ, ಎಂಜಿನ್ ಆಯಿಲ್ ಪದೇ ಪದೇ ಬದಲಿಸಬೇಕು. ಪ್ರವೇಶ ಶುಲ್ಕ, ಮೆಕ್ಯಾನಿಕ್, ಕಾರು ಸಾಗಿಸುವ ಲಾರಿ, ಬೆಂಕಿ ತಡೆಯುವ ಸೂಟು, ಹೆಲ್ಮೆಟ್ ಎಲ್ಲವೂ ಇದೆ. ಟರ್ಬೊ ಇದ್ದರೆ ಇನ್ನೊಂದು ಶತ್ರು ಸೇರುತ್ತದೆ, ಬಿಸಿ. ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿ ಗಾಳಿಯ ಸಾಂದ್ರತೆ ಕಡಿಮೆ. ಇಂಟರ್‌ಕೂಲರ್ ತಣಿಸಲಾರದೆ ಹೋದಾಗ ಎಂಜಿನ್ನಿನ ಕಂಪ್ಯೂಟರ್ ತಾನಾಗಿಯೇ ಶಕ್ತಿ ತಗ್ಗಿಸುತ್ತದೆ. ಮರುಭೂಮಿಯ ವಾತಾವರಣದಲ್ಲಿ ಈ ತೊಂದರೆ ಬೇಗ ಬರುತ್ತದೆ. ಆಗ ಶುರು, ದೊಡ್ಡ ಇಂಟರ್‌ಕೂಲರ್, ಆಯಿಲ್ ಕೂಲರ್, ದೊಡ್ಡ ರೇಡಿಯೇಟರ್. ಒಂದು ಖರ್ಚು ಇನ್ನೊಂದನ್ನು ಕರೆಯುತ್ತಾ ಹೋಗುತ್ತದೆ.

ಒಂದು ಉದಾಹರಣೆ ಲೆಕ್ಕ ಮಾಡೋಣ. ಇದು ಸಮೀಕ್ಷೆಯ ಅಂಕಿಯಲ್ಲ, ನಿಮ್ಮ ಸಂಖ್ಯೆ ಹಾಕಿಕೊಂಡು ನೋಡಲು ಒಂದು ಮಾದರಿ ಅಷ್ಟೇ. ಕಾರಿನ ಬೆಲೆ ಬಿಟ್ಟು ವಾರಾಂತ್ಯಕ್ಕೆ 350 ದಿನಾರ್, ಚಳಿಗಾಲದ ಸೀಸನ್ನಿನಲ್ಲಿ ಏಳು ವಾರಾಂತ್ಯ, ವರ್ಷಕ್ಕೆ 2,450 ದಿನಾರ್. ಇದೇ ಹಣವನ್ನು ಪ್ರತಿ ವರ್ಷಾಂತ್ಯಕ್ಕೆ ಶೇ. 8ರಷ್ಟು ಗಳಿಸುವ ಕಡೆ ಹಾಕುತ್ತಾ ಹೋದರೆ 10 ವರ್ಷಕ್ಕೆ ಸುಮಾರು 35,500 ದಿನಾರ್ ಆಗುತ್ತದೆ.

ಈ ಮೊತ್ತವನ್ನು ಯಾವುದರ ಪಕ್ಕ ಇಟ್ಟು ನೋಡಬೇಕು? ಕುವೈತಿನ 2010ರ ಖಾಸಗಿ ವಲಯದ ಕಾರ್ಮಿಕ ಕಾನೂನಿನಂತೆ ಮಾಸಿಕ ಸಂಬಳದ ನೌಕರನಿಗೆ ಮೊದಲ ಐದು ವರ್ಷ ವರ್ಷಕ್ಕೆ 15 ದಿನದ ವೇತನ, ಆಮೇಲೆ ವರ್ಷಕ್ಕೆ ಒಂದು ತಿಂಗಳ ವೇತನ ಸೇವಾಂತ್ಯ ಪರಿಹಾರವಾಗಿ ಸಿಗುತ್ತದೆ. ಒಟ್ಟು ಒಂದೂವರೆ ವರ್ಷದ ವೇತನ ಮೀರುವಂತಿಲ್ಲ. 1,500 ದಿನಾರ್ ಸಂಬಳದವರಿಗೆ ಹತ್ತು ವರ್ಷಕ್ಕೆ ಸಿಗುವುದು 11ರಿಂದ 12 ಸಾವಿರ ದಿನಾರ್. ಅಂದರೆ ಹತ್ತು ವರ್ಷದ ಹವ್ಯಾಸದ ನಿಜವಾದ ಬೆಲೆ, ಹತ್ತು ವರ್ಷದ ನೌಕರಿಯ ಕೊನೆಗೆ ಕೈಗೆ ಬರುವ ಗಂಟಿನ ಮೂರು ಪಟ್ಟು! ಗಮನಿಸಿ, ನಮಗಿಲ್ಲಿ ಪಿಂಚಣಿ ಇಲ್ಲ. ಕೆಲಸ ಹೋದರೆ ಇಕಾಮವೂ ಹೋಗುತ್ತದೆ. ಈ ಮಾತು ಅಮೆರಿಕದ ಹಸಿರು ಕಾರ್ಡಿನವರಿಗಿಂತ ಗಲ್ಫ್‌ನಲ್ಲಿರುವ ನಮಗೆ ಹೆಚ್ಚು ಅನ್ವಯಿಸುತ್ತದೆ.

ಹಾಗಾದರೆ ಬಿಟ್ಟುಬಿಡಬೇಕೆ? ಇಲ್ಲ. ಹಣ ಕೂಡಿಡುವುದೊಂದೇ ಬದುಕಿನ ಗುರಿ ಎಂದು ನಾನು ಎಂದೂ ಬರೆದಿಲ್ಲ. ಟರ್ಬೊವನ್ನು ಸಾಲಕ್ಕೆ ಹೋಲಿಸುವವರಿದ್ದಾರೆ, ಚಿಕ್ಕ ಎಂಜಿನ್ನಿನಿಂದ ದೊಡ್ಡ ಶಕ್ತಿ ಎನ್ನುವ ಅರ್ಥದಲ್ಲಿ. ನನಗೆ ಆ ಹೋಲಿಕೆ ಸರಿ ಎನಿಸುವುದಿಲ್ಲ. ಟರ್ಬೊ ಯಾರಿಂದಲೂ ಸಾಲ ಪಡೆಯುವುದಿಲ್ಲ. ಎಂಜಿನ್ ಹೊರಗೆಸೆಯುವ ಹೊಗೆಯ ಶಕ್ತಿಯಿಂದಲೇ ತಿರುಗುತ್ತದೆ. ಹವ್ಯಾಸವೂ ಹಾಗೆಯೇ ಇರಬೇಕು. ಊರಿಗೆ ಕಳಿಸುವ ಹಣ, ಮಕ್ಕಳ ಫೀಸು, ವಿಮೆ, ನಿವೃತ್ತಿಯ ಉಳಿತಾಯ ಎಲ್ಲ ಕಳೆದು ಮಿಕ್ಕಿದ್ದರಿಂದ ಅದು ಓಡಬೇಕು.

ಕಾರು ಕೊಳ್ಳಲೇಬೇಕೆ ಎನ್ನುವುದು ಮುಂದಿನ ಪ್ರಶ್ನೆ. ಭಾರತದಲ್ಲಿ ಫೋಕ್ಸ್‌ವ್ಯಾಗನ್ 2010ರಲ್ಲಿ ಪೋಲೊ ಕಪ್ ಶುರು ಮಾಡಿತು, 2017ರಲ್ಲಿ 1.8 ಲೀಟರ್ ಟರ್ಬೊ ಎಂಜಿನ್ನಿನ ಅಮಿಯೊ ಕಪ್ ತಂದಿತು. ಕಾರುಗಳೆಲ್ಲ ಒಂದೇ ತರಹ, ಅವುಗಳನ್ನು ಸಿದ್ಧಪಡಿಸಿ ನೋಡಿಕೊಳ್ಳುವುದು ಕಂಪನಿ. ಚಾಲಕ ಶುಲ್ಕ ಕಟ್ಟಿ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಅಥವಾ ಚೆನ್ನೈ ಹತ್ತಿರದ ಇರುಂಗಟ್ಟುಕೋಟ್ಟೈ ಟ್ರ್ಯಾಕಿಗೆ ಬಂದು ಓಡಿಸಿ ಹೋಗಬಹುದಿತ್ತು. ಹಣಕಾಸಿನ ಭಾಷೆಯಲ್ಲಿ ಇದು ಸ್ಥಿರ ವೆಚ್ಚವನ್ನು ಬದಲಾಗುವ ವೆಚ್ಚವಾಗಿ ಮಾಡಿಕೊಳ್ಳುವ ವಿಧಾನ. ಕೆಲಸದ ಒತ್ತಡ ಬಂದ ವರ್ಷ ಶುಲ್ಕ ಕಟ್ಟದಿದ್ದರಾಯಿತು. ಸ್ವಂತ ಕಾರು ಶೆಡ್ಡಿನಲ್ಲಿ ನಿಂತರೂ ಬೆಲೆ ಕಳೆದುಕೊಳ್ಳುತ್ತದೆ. ಬಾಡಿಗೆ ಕಾರು, ಬಾಡಿಗೆ ಸೀಟು ಸಿಗುವ ಕಡೆ ಎರಡು ಸೀಸನ್ ಓಡಿಸಿ, ಆಮೇಲೂ ಆಸೆ ಉಳಿದರೆ ಕೊಳ್ಳುವ ಮಾತು ತೆಗೆಯಿರಿ.

ಎಲ್ಲಕ್ಕಿಂತ ದೊಡ್ಡ ವಿಷಯ ವಿಮೆ. ಭಾರತದ ಮೋಟರ್ ಪಾಲಿಸಿಯನ್ನು ತೆಗೆದು ಓದಿ. ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಇತ್ಯಾದಿ ಬಳಕೆಗೆ ರಕ್ಷಣೆ ಇಲ್ಲ ಎಂದು ಸ್ಪಷ್ಟವಾಗಿ ಇರುತ್ತದೆ. ಗಲ್ಫ್‌ನ ಪಾಲಿಸಿಯಲ್ಲೂ ಹೊರಗಿಟ್ಟ ವಿಷಯಗಳ ಪಟ್ಟಿಯನ್ನೇ ಮೊದಲು ಓದಿ. ಗೋಡೆಗೆ ಗುದ್ದಿದರೆ ಕಾರಿನ ಪೂರ್ತಿ ನಷ್ಟ ನಿಮ್ಮದೇ ಎಂದುಕೊಂಡೇ ಇಳಿಯಿರಿ. ಕಾರು ಹೋದರೆ ಹೋಗಲಿ, ಟರ್ಮ್ ಇನ್ಶೂರೆನ್ಸ್ ಅರ್ಜಿಯಲ್ಲಿ 'ಅಪಾಯಕಾರಿ ಹವ್ಯಾಸ ಇದೆಯೇ' ಎಂಬ ಪ್ರಶ್ನೆಗೆ ಏನು ಬರೆದಿದ್ದೀರಿ? ರೇಸ್ ಓಡಿಸುತ್ತಾ 'ಇಲ್ಲ' ಎಂದು ಬರೆದರೆ, ನಾಳೆ ಕ್ಲೇಮ್ ಹಿಡಿದು ಓಡಾಡುವುದು ನೀವಲ್ಲ, ನಿಮ್ಮ ಹೆಂಡತಿ ಅಥವಾ ಗಂಡ. ನಾಲ್ಕು ಕಾಸು ಹೆಚ್ಚು ಪ್ರೀಮಿಯಂ ಆದರೂ ಸರಿ, ನಿಜ ಬರೆಯಿರಿ. ಅಪಘಾತ ವಿಮೆ, ಕಂಪನಿ ಕೊಡುವ ಗುಂಪು ವಿಮೆ ಎರಡನ್ನೂ ಇದೇ ಕಣ್ಣಿನಿಂದ ನೋಡಿ.

ಅಪಾಯ ನಿರ್ವಹಣೆಗೆ ಒಂದು ಒಳ್ಳೆಯ ಉದಾಹರಣೆ 2025ರ ಜನವರಿಯ ದುಬೈ 24 ಗಂಟೆಗಳ ರೇಸ್. ತಮಿಳು ನಟ ಅಜಿತ್ ಕುಮಾರ್ ಅಲ್ಲಿಗೆ ತಮ್ಮದೇ ತಂಡ ಕಟ್ಟಿಕೊಂಡು ಹೋಗಿದ್ದರು. ಅಭ್ಯಾಸದ ವೇಳೆ ಅವರ ಕಾರು ಗೋಡೆಗೆ ಅಪ್ಪಳಿಸಿತು, ಅವರು ಪಾರಾದರು. ಅದಾದ ಮೇಲೆ ತಂಡದ ಆ ಕಾರಿನ ಚಾಲಕ ಸ್ಥಾನದಿಂದ ಅವರು ಹಿಂದೆ ಸರಿದರು, ಉಳಿದವರು ಓಡಿಸಿದರು. ಕಾರು ತನ್ನ ವರ್ಗದಲ್ಲಿ ಮೂರನೆಯ ಸ್ಥಾನ ಪಡೆಯಿತು. ಹಣ ತಮ್ಮದು, ಹೆಸರು ತಮ್ಮದು, ಆದರೂ ಸೀಟು ಬಿಟ್ಟುಕೊಟ್ಟರು. ಷೇರು ಮಾರುಕಟ್ಟೆಯಲ್ಲಿ ನಾವಿದನ್ನು ಸ್ಟಾಪ್ ಲಾಸ್ ಎನ್ನುತ್ತೇವೆ. ಹೇಳುವುದು ಸುಲಭ, ಪಾಲಿಸುವವರು ಕಡಿಮೆ.

ಟ್ರ್ಯಾಕಿಗೆ ಹೋಗುವ ಆಸೆ ಇರುವ ಸ್ನೇಹಿತರಿಗೆ ನನ್ನ ಮೂರು ಷರತ್ತುಗಳಿವೆ. ಮೊದಲನೆಯದು, ಬ್ಯಾಂಕ್ ಸಾಲ ಬೇಡ. ಇಲ್ಲಿ ಕಂತು ತಪ್ಪಿದ ಪ್ರಕರಣ ಕೋರ್ಟು ಹತ್ತಿದರೆ ಪ್ರಯಾಣ ನಿಷೇಧದವರೆಗೂ ಹೋಗಬಹುದು, ಊರಿನಲ್ಲಿ ತಾಯಿಗೆ ಹುಷಾರಿಲ್ಲ ಎಂದರೂ ವಿಮಾನ ಹತ್ತಲಾಗದು. ಎರಡನೆಯದು, ಶನಿವಾರ ಕಾರು ಗುಜರಿಯಾದರೂ ಭಾನುವಾರ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಮನೆಯ ಯಾವ ಯೋಜನೆಯೂ ಬದಲಾಗಬಾರದು. ಮೂರನೆಯದು, ವರ್ಷದ ಒಟ್ಟು ಖರ್ಚು ಎಷ್ಟು ಎಂದು ಮನೆಯವರಿಗೆ ಗೊತ್ತಿರಬೇಕು. ಟೈರಿನ ಬಿಲ್ಲನ್ನು 'ಸರ್ವೀಸ್' ಎಂದು ತೋರಿಸುವ ಪರಿಸ್ಥಿತಿ ಬಂದಿದ್ದರೆ ಆ ಹವ್ಯಾಸ ಆಗಲೇ ನಿಮ್ಮ ಕೈ ಮೀರಿದೆ.

ಮೂರಕ್ಕೂ 'ಸರಿ' ಎನ್ನುವವರು ಧಾರಾಳವಾಗಿ ಹೋಗಿ, ಯಾರ ಅಪ್ಪಣೆಯೂ ಬೇಕಿಲ್ಲ. ಬಜೆಟ್ ಹಾಳೆಯಲ್ಲಿ ಮಾತ್ರ ಅದನ್ನು ಮ್ಯೂಚುವಲ್ ಫಂಡ್, ಚಿನ್ನದ ಸಾಲಿನಲ್ಲಿ ಬರೆಯಬೇಡಿ. ಪ್ರವಾಸ, ಮದುವೆಯ ಉಡುಗೊರೆ ಇರುವ ಖರ್ಚಿನ ಸಾಲಿನಲ್ಲಿ ಬರೆಯಿರಿ, ಮೊತ್ತ ಪೂರ್ತಿ ಬರೆಯಿರಿ. ಆಮೇಲೆ ಬೆಲ್ಟ್ ಬಿಗಿದು ಹೊರಡಿ.