ಲೈಫೈ ಅಂದ್ರೆ ಬರೀ ಬಲ್ಬು ಮಿಣುಕಿಸೋದಲ್ಲ ಸ್ವಾಮಿ!

"ಬೆಳಕಿನ ವೇಗದಲ್ಲಿ ಇಂಟರ್ನೆಟ್!" ಲೈಫೈ ಬಗ್ಗೆ ಕನ್ನಡದಲ್ಲಿ ಏನೇ ಬಂದರೂ ಇದೇ ತಲೆಬರಹ. ಅಲ್ಲ ಸ್ವಾಮಿ, ವೈಫೈನ ರೇಡಿಯೋ ತರಂಗ ಏನು ಎತ್ತಿನಗಾಡಿಯಲ್ಲಿ ಬರುತ್ತಾ? ಅದೂ ಬೆಳಕಿನ ವೇಗದಲ್ಲೇ ಬರೋದು!

2011ರಲ್ಲಿ ಹೆರಾಲ್ಡ್ ಹಾಸ್ ಟೆಡ್ ವೇದಿಕೆಯಲ್ಲಿ ಟೇಬಲ್ ಲ್ಯಾಂಪಿನ ಬೆಳಕಲ್ಲಿ ವಿಡಿಯೋ ಕಳಿಸಿ ತೋರಿಸಿದರು. ಆಗ ಶುರುವಾದ ಜೈಕಾರ ಇನ್ನೂ ನಿಂತಿಲ್ಲ. ಆದರೆ ನಿಜವಾದ ಕಷ್ಟ ಇರೋದು ಕೆಟ್ಟ ಸಿಗ್ನಲ್ಲನ್ನು ಸರಿಮಾಡೋದರಲ್ಲಿ. ಅದರ ಸುದ್ದಿಯೇ ಇಲ್ಲ.

ಮೊದಲು ನನ್ನದೇ ತಪ್ಪೊಪ್ಪಿಗೆ. ಇಂಜಿನಿಯರಿಂಗ್ ಕೊನೇ ವರ್ಷ ನಮ್ಮ ಪ್ರಾಜೆಕ್ಟೂ ಇದೇ. ಎಲ್‌ಇಡಿ ಬೆಳಕಲ್ಲಿ ಹಾಡು ಕಳಿಸಿ, ಆ ಕಡೆ ಸೋಲಾರ್ ಪ್ಯಾನೆಲ್ಲಿಗೆ ಸ್ಪೀಕರ್ ಕಟ್ಟಿದ್ವಿ. ವಾಲ್ಯೂಮ್ ಏರಿಸಿದರೆ ಹಾಡೆಲ್ಲ ಗರಗರ. ನಾವೇನು ಮಾಡಿದ್ವಿ ಗೊತ್ತಾ? ಪರೀಕ್ಷಕರು ಬಂದಾಗ ವಾಲ್ಯೂಮ್ ಇಳಿಸಿದ್ವಿ! ರಿಪೋರ್ಟಿನಲ್ಲಿ "ವೈಫೈಗಿಂತ ನೂರು ಪಟ್ಟು ವೇಗ" ಅಂತ ಬರೆದು ಮಾರ್ಕ್ಸೂ ಹೊಡೆದ್ವಿ.

ಆ ಗರಗರವೇ ಪಾಠವಾಗಿತ್ತು. ಕರೆಂಟ್ ತೀರಾ ಕಮ್ಮಿಯಾದರೆ ಎಲ್‌ಇಡಿ ಆರುತ್ತೆ, ಜಾಸ್ತಿಯಾದರೆ ಅದೇ ಲೆಕ್ಕದಲ್ಲಿ ಬೆಳಗಲ್ಲ. ಹಾಗಾಗಿ ಸಿಗ್ನಲ್ ಡೊಂಕಾಗುತ್ತೆ, ತುದಿ ಕತ್ತರಿಸಿಹೋಗುತ್ತೆ. ಡೊಂಕನ್ನು ಮೊದಲೇ ಅಳೆದು, ಸಿಗ್ನಲ್ಲನ್ನು ಅದರ ಉಲ್ಟಾ ಬಗ್ಗಿಸಿ ಕಳಿಸಿದರೆ ಎಲ್‌ಇಡಿಯೇ ನೆಟ್ಟಗೆ ಮಾಡುತ್ತೆ. ಇದು ಪ್ರಿಡಿಸ್ಟಾರ್ಶನ್. ಕತ್ತರಿಸಿಹೋದ ತುದಿಯನ್ನು ಮಾತ್ರ ಅದೂ ವಾಪಸ್ ತರಲಾರದು. ಆಗ ವಾಲ್ಯೂಮ್ ಇಳಿಸೋದೂ ಉಪಾಯವೇ, ಆದರೆ ಸಿಗ್ನಲ್ ದೂರ ಹೋಗಲ್ಲ. ಈ ಬೆಲೆಯನ್ನು ನಾವು ರಿಪೋರ್ಟಿನಲ್ಲಿ ಬರೆಯಲೇ ಇಲ್ಲ.

ಇನ್ನೊಂದು ಕಾಟ ಕೇಳಿ. ಮನೆಯ ಬಿಳಿ ಎಲ್‌ಇಡಿ ಸಾಮಾನ್ಯವಾಗಿ ನೀಲಿ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಬಳಿದದ್ದು. ಆ ಫಾಸ್ಫರ್ ಮಹಾ ಸೋಮಾರಿ. ಚಿಪ್ ಆರಿದರೂ ಅದು ತಕ್ಷಣ ಆರಲ್ಲ. ಒಂದು ಬಿಟ್ ಮುಂದಿನ ಬಿಟ್ಟಿನ ಮೇಲೆ ಬೀಳುತ್ತೆ. ಕೆಲವೇ ಮೆಗಾಹರ್ಟ್ಸ್‌ಗೆ ಉಸಿರುಕಟ್ಟುತ್ತೆ. ರಿಸೀವರ್ ಮುಂದೆ ನೀಲಿ ಫಿಲ್ಟರ್ ಹಾಕಿ ಹಳದಿಯನ್ನು ತಡೀಬಹುದು, ಬೆಳಕೂ ಕಮ್ಮಿಯಾಗುತ್ತೆ. ಈಕ್ವಲೈಜರ್ ಹಾಕಿ ಕುಗ್ಗಿದ್ದನ್ನು ಎತ್ತಬಹುದು, ನಾಯ್ಸ್ ಕೂಡ ಎದ್ದು ಕೂರುತ್ತೆ. ಪುಕ್ಕಟೆ ಏನೂ ಸಿಗಲ್ಲ.

2023ರಲ್ಲಿ ಬಂದ ಐಇಇಇ 802.11ಬಿಬಿ ಲೈಫೈ ಸ್ಟ್ಯಾಂಡರ್ಡ್ ಬಳಸೋದು 800ರಿಂದ 1000 ನ್ಯಾನೋಮೀಟರಿನ ಇನ್‌ಫ್ರಾರೆಡ್. ಅಂದ್ರೆ ನಮ್ಮ ಮನೆ ಬಲ್ಬಿನ ಬೆಳಕೇ ಅಲ್ಲ!

ಬ್ಲಾಗಿಗ ಮಿತ್ರರೇ, ಲೈಫೈ ದಂಡ ಅಂತ ನಾನು ಹೇಳ್ತಿಲ್ಲ. ಮುಂದಿನ ಸಲ ಬರೆಯುವಾಗ ಬಲ್ಬು ಏನು ಕೆಡಿಸುತ್ತೆ, ಅದನ್ನು ಹೇಗೆ ಸರಿಮಾಡ್ತಾರೆ ಅಂತ ಎರಡು ಸಾಲು ಸೇರಿಸಿ. ಬರೀ ಬೆರಗು ಬಡಿಸಿದರೆ ಓದಿದ ಹುಡುಗರೂ ನಮ್ಮ ಥರ ವಾಲ್ಯೂಮ್ ಇಳಿಸಿ ಪಾಸಾಗ್ತಾರೆ, ಅಷ್ಟೇ.

ಏನಂತೀರಿ?