ಕಪಡೋಕಿಯಾ ಯಾರದ್ದು?

ಟರ್ಕಿಯ ಕಪಡೋಕಿಯಾ ಅಂದ ಕೂಡಲೇ ಕಣ್ಣ ಮುಂದೆ ಬರೋದು ಅಣಬೆಯಂಥ ಬಂಡೆಗಳು, ಮೇಲೆ ತೇಲುವ ಬಲೂನುಗಳು. ಚೆಂದವೇ, ನನ್ನ ತಕರಾರಿಲ್ಲ. ಆದರೆ ಅಲ್ಲಿನ ಇತಿಹಾಸದ ಮಾತು ಬಂದರೆ ಸಾಕು, ಒಂದು ಪ್ರಶ್ನೆ ಏಳುತ್ತೆ: ಆ ನೆಲದ ನಿಜವಾದ ವಾರಸುದಾರರು ಯಾರು? ಹಿಟ್ಟೈಟರೋ, ಗ್ರೀಕರೋ, ತುರ್ಕರೋ? ನನ್ನ ಪ್ರಕಾರ ಈ ಪ್ರಶ್ನೆಯೇ ಸರಿಯಿಲ್ಲ.

ಯಾಕೆ ಅಂತೀರಾ? ಕೈಸೇರಿ ಪಟ್ಟಣದ ಹತ್ತಿರ ಕ್ಯುಲ್ತೆಪೆ ಅನ್ನೋ ದಿಬ್ಬ ಇದೆ. ಸುಮಾರು 4000 ವರ್ಷಗಳ ಹಿಂದೆ ಅಲ್ಲಿ ಕನೇಶ್ ಎಂಬ ಊರಿತ್ತು. ಈಗಿನ ಇರಾಕಿನಲ್ಲಿರುವ ಅಸ್ಸೂರಿನ ವ್ಯಾಪಾರಿಗಳು ಕತ್ತೆಗಳ ಮೇಲೆ ತವರ, ಬಟ್ಟೆ ಹೇರಿಕೊಂಡು ಸುಮಾರು 1000 ಕಿಲೋಮೀಟರ್ ದಾಟಿ ಅಲ್ಲಿಗೆ ಬರುತ್ತಿದ್ದರು. ಅವರು ಬಿಟ್ಟುಹೋದ 20,000ಕ್ಕೂ ಹೆಚ್ಚು ಮಣ್ಣಿನ ಫಲಕಗಳು ಸಿಕ್ಕಿವೆ. ಅದರಲ್ಲಿರೋದು ಸಾಲಪತ್ರ, ಲೆಕ್ಕ, ಸುಂಕ ತಪ್ಪಿಸುವ ಉಪಾಯ, ಊರಲ್ಲೇ ಉಳಿದು ಬಟ್ಟೆ ನೇಯ್ದು ಕಳಿಸುತ್ತಿದ್ದ ಹೆಂಡತಿಯರ ದೂರು!

ಮಜಾ ಏನು ಗೊತ್ತಾ? ಹಿಟ್ಟೈಟ್ ಭಾಷೆಯ ಅತಿ ಹಳೆಯ ಪದಗಳು ನಮಗೆ ಸಿಗೋದು ಈ ಪರದೇಶಿ ವ್ಯಾಪಾರಿಗಳ ಲೆಕ್ಕಪತ್ರಗಳಲ್ಲೇ. ಹಿಟ್ಟೈಟರು ತಮ್ಮ ನುಡಿಗೆ ಇಟ್ಟುಕೊಂಡ ಹೆಸರು ಇದೇ ಕನೇಶದ ಇನ್ನೊಂದು ಹೆಸರಾದ ನೇಶದಿಂದ ಬಂದದ್ದು. ತಮ್ಮ ನಾಡನ್ನು ಕರೆದದ್ದು ಹತ್ತಿ ಅಂತ. ಅದು ಅವರಿಗಿಂತ ಮುಂಚೆ ಅಲ್ಲಿದ್ದ ಜನರ ಹೆಸರು. ಕಪಡೋಕಿಯಾ ಅನ್ನೋ ಹೆಸರೂ ಪರ್ಷಿಯನ್ನರ ಶಾಸನದ ಕತ್ಪತುಕದಿಂದ ನಮಗೆ ಪರಿಚಿತ. ಇನ್ನು ಯಾರನ್ನು ಮೂಲನಿವಾಸಿ ಅನ್ನೋಣ?

ನಾಲ್ಕನೇ ಶತಮಾನದಲ್ಲಿ ಇದೇ ಕೈಸೇರಿಯ ಬಿಷಪ್ ಬೇಸಿಲ್ ಬಡವರಿಗೆ, ರೋಗಿಗಳಿಗೆ, ದಾರಿಹೋಕರಿಗೆ ಆಶ್ರಯ ಕಟ್ಟಿಸಿದ. 13ನೇ ಶತಮಾನದಲ್ಲಿ, ಸೆಲ್ಜುಕ್ ತುರ್ಕರ ಕಾಲದಲ್ಲಿ, ಕೈಸೇರಿಯ ಪೂರ್ವಕ್ಕೆ ಕರಾತಾಯ್ ಛತ್ರ ಎದ್ದಿತು. ಬಂದವರು ಮುಸ್ಲಿಮರಿರಲಿ ಇಲ್ಲದಿರಲಿ, ಗಂಡಾಗಲಿ ಹೆಣ್ಣಾಗಲಿ, ಗುಲಾಮರೇ ಆಗಿರಲಿ, ಎಲ್ಲರಿಗೂ ಊಟ ಹಾಕಬೇಕು ಅಂತ ಅದರ ದತ್ತಿಪತ್ರದಲ್ಲೇ ಬರೆದಿತ್ತು. ಅದಕ್ಕೆ ಹೆಸರು ಕೊಟ್ಟ ಅಮಾತ್ಯ ಕರಾತಾಯ್ ಕೂಡ ಗುಲಾಮನಾಗಿದ್ದು ಮೇಲೇರಿದ ಗ್ರೀಕ್ ಮೂಲದವನು.

ಹಾಗಂತ ಅದೇನು ರಾಮರಾಜ್ಯವಾಗಿರಲಿಲ್ಲ. ಕನೇಶ್ ಬೆಂಕಿಗೆ ಬಿತ್ತು. ಅರಬರ ದಾಳಿಗಳ ಕಾಲದಲ್ಲಿ ಜನ ದೆರಿಂಕುಯುವಿನಂಥ ನೆಲದಡಿಯ ಊರುಗಳಲ್ಲಿ ಅಡಗಿ ಜೀವ ಉಳಿಸಿಕೊಂಡರು. ಆದರೂ ದಾರಿ ಮತ್ತೆ ಮತ್ತೆ ತೆರೆಯಿತು, ಹೊಸಬರು ಬಂದರು, ಹಳಬರಾದರು.

ಇದೆಲ್ಲ ಹಳೇ ಕಥೆ, ನಮಗ್ಯಾಕೆ ಅನ್ನಬೇಡಿ. "ಯಾರದ್ದು" ಎಂಬ ಪ್ರಶ್ನೆಗೆ ಒಂದೇ ಉತ್ತರ ಬೇಕು ಅಂತ ಹಟ ಹಿಡಿದದ್ದು 1923ರಲ್ಲಿ. ಗ್ರೀಸ್ ಮತ್ತು ಟರ್ಕಿ ಧರ್ಮದ ಲೆಕ್ಕದಲ್ಲಿ ಜನರನ್ನು ಅದಲುಬದಲು ಮಾಡಿಕೊಂಡವು. ಕಪಡೋಕಿಯಾದ ಕ್ರೈಸ್ತರು ಊರು ಬಿಟ್ಟು ಹೋದರು. ಅವರಲ್ಲಿ ಎಷ್ಟೋ ಜನರ ಮನೆಮಾತು ತುರ್ಕಿ!

ಒಂದು ನಾಡಿಗೆ ಮೊದಲು ಬಂದವರು ಯಾರು ಅನ್ನೋದಕ್ಕಿಂತ, ಆಮೇಲೆ ಬಂದವರಿಗೆ ಅಲ್ಲಿ ಊಟ ಸಿಕ್ಕಿತಾ ಅನ್ನೋದೇ ನನಗೆ ದೊಡ್ಡ ಪ್ರಶ್ನೆ. ನೀವೇನಂತೀರಿ?